ದೇಶ ಒಡೆದ ಮೇಲೆ ಏನೇನು ಉಳಿಯಿತು? 1947ರ ವಿಭಜನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಗಸ್ಟ್ ತಿಂಗಳು ಬಂತೆಂದರೆ ವಿಭಜನೆಯ ಬಗ್ಗೆ ಪ್ರಶ್ನೆಗಳೂ ಬರುತ್ತವೆ. ಜಿನ್ನಾ ತಪ್ಪಾ, ನೆಹರು ತಪ್ಪಾ, ಮೌಂಟ್‌ಬ್ಯಾಟನ್ ಅವಸರ ಮಾಡಿದರಾ ಎಂಬ ವಾದ ಇಲ್ಲಿಲ್ಲ. ಅದನ್ನು ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಧರ್ಮದ ಹೆಸರಲ್ಲಿ ದೇಶ ಭಾಗವಾದ ಮೇಲೆ ಸಾಮಾನ್ಯ ಜನರ ಮನೆಯಲ್ಲಿ, ಮಾತಿನಲ್ಲಿ, ಕಾಗದಪತ್ರಗಳಲ್ಲಿ ಏನು ಉಳಿಯಿತು ಅನ್ನೋದು ನನ್ನ ಆಸಕ್ತಿ. ಈ ಗೀಳು ನನಗೆ ಹತ್ತಿದ್ದು ದೆಹಲಿಯ ಲಾಜಪತ್ ನಗರದಲ್ಲಿ ಬಾಡಿಗೆಗೆ ಇದ್ದಾಗ. ಆ ಮನೆಯವರ ಕಥೆ ಕೆಳಗೆ ಬರುತ್ತದೆ.

ಗೆರೆ ಎಳೆದದ್ದು ಯಾರು? ಯಾವ ಲೆಕ್ಕದ ಮೇಲೆ?

ಸಿರಿಲ್ ರ‍್ಯಾಡ್‌ಕ್ಲಿಫ್ ಎಂಬ ಬ್ರಿಟಿಷ್ ವಕೀಲ. 1947ರ ಜುಲೈ 8ಕ್ಕೆ ದೆಹಲಿಗೆ ಬಂದರು. ಅದಕ್ಕೂ ಮೊದಲು ಭಾರತಕ್ಕೆ ಕಾಲಿಟ್ಟವರೇ ಅಲ್ಲ. ಕೈಯಲ್ಲಿ ಇದ್ದದ್ದು ಐದು ವಾರ, ಒಂದಷ್ಟು ನಕ್ಷೆ ಮತ್ತು 1941ರ ಜನಗಣತಿ. ಮುಸ್ಲಿಮರು ಜಾಸ್ತಿ ಇರುವ, ಒಂದಕ್ಕೊಂದು ತಾಗಿಕೊಂಡ ಪ್ರದೇಶ ಆ ಕಡೆಗೆ, ಉಳಿದದ್ದು ಈ ಕಡೆಗೆ. ಜೊತೆಗೆ "ಇತರ ಅಂಶಗಳು" ಅಂತ ಒಂದು ಮಾತು ಸೇರಿಸಿದ್ದರು. ಕಾಲುವೆ, ರೈಲು ದಾರಿ, ಎಲ್ಲ ಅದರೊಳಗೆ.

ಗಡಿ ಪ್ರಕಟವಾದದ್ದು ಆಗಸ್ಟ್ 17ಕ್ಕೆ. ಅಂದರೆ ಸ್ವಾತಂತ್ರ್ಯ ಬಂದು ಎರಡು ದಿನ ಆದ ಮೇಲೆ! ಮುಸ್ಲಿಮರು ಜಾಸ್ತಿ ಇದ್ದ ಮುರ್ಷಿದಾಬಾದ್‌ನಲ್ಲಿ ಮೊದಲು ಪಾಕಿಸ್ತಾನದ ಬಾವುಟ ಹಾರಿತು, ಆಮೇಲೆ ಅದು ಭಾರತಕ್ಕೆ ಎಂದು ಗೊತ್ತಾಯಿತು. ಹಿಂದೂಗಳು ಜಾಸ್ತಿ ಇದ್ದ ಖುಲ್ನಾದಲ್ಲಿ ಇದಕ್ಕೆ ಉಲ್ಟಾ. ಚಿತ್ತಗಾಂಗ್ ಬೆಟ್ಟ ಪ್ರದೇಶದಲ್ಲಿ ಇದ್ದವರಲ್ಲಿ ನೂರಕ್ಕೆ 97ರಷ್ಟು ಮಂದಿ ಮುಸ್ಲಿಮರಲ್ಲ, ಬಹಳಷ್ಟು ಬೌದ್ಧರು. ಅದೂ ಪಾಕಿಸ್ತಾನಕ್ಕೆ ಹೋಯಿತು.

ಜನಗಣತಿಯಲ್ಲಿ ಧರ್ಮದ ಕಾಲಂ ಮೊದಲಿಂದಲೂ ಇತ್ತು. ಗಣತಿದಾರ ಬಂದಾಗ ಬಾಗಿಲಲ್ಲಿ ನಿಂತು ಹೇಳಿದ ಒಂದು ಉತ್ತರ, ಆರು ವರ್ಷದ ನಂತರ ನಿಮ್ಮ ಮನೆ ಯಾವ ದೇಶದಲ್ಲಿ ಇರಬೇಕು ಅಂತ ತೀರ್ಮಾನ ಮಾಡುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಎಷ್ಟು ಜನ ಊರು ಬಿಟ್ಟರು? ಎಷ್ಟು ಜನ ಸತ್ತರು?

ಸಾವಿನ ಅಂದಾಜು 2 ಲಕ್ಷದಿಂದ 20 ಲಕ್ಷದವರೆಗೆ ಇದೆ. ಜಾಸ್ತಿ ಜನ ಹೇಳುವುದು ಸುಮಾರು 10 ಲಕ್ಷ. ಈ ಅಂತರವೇ ಒಂದು ಕಥೆ ಹೇಳುತ್ತದೆ, ಯಾಕೆಂದರೆ ಎಣಿಸುವವರೇ ಆಗ ಇರಲಿಲ್ಲ.

ಊರು ಬಿಟ್ಟವರ ಲೆಕ್ಕ ಸ್ವಲ್ಪ ಗಟ್ಟಿ. 1951ರ ಜನಗಣತಿಯಲ್ಲಿ ಎರಡೂ ದೇಶಗಳು ನಿರಾಶ್ರಿತರನ್ನು ಬೇರೆಯಾಗಿ ಎಣಿಸಿದವು. ಪಾಕಿಸ್ತಾನದಲ್ಲಿ ಸುಮಾರು 72 ಲಕ್ಷ, ಭಾರತದಲ್ಲಿ ಸುಮಾರು 73 ಲಕ್ಷ. ಊರುಗಳ ಬಣ್ಣವೇ ಬದಲಾಯಿತು. ಕರಾಚಿಯಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟಿದ್ದ ಹಿಂದೂಗಳು 1951ರ ಹೊತ್ತಿಗೆ ನೂರಕ್ಕೆ ಇಬ್ಬರಂತೆ ಉಳಿದರು. ದೆಹಲಿಯಲ್ಲಿ ಮೂರರಲ್ಲಿ ಒಂದು ಪಾಲು ಇದ್ದ ಮುಸ್ಲಿಮರು ನೂರಕ್ಕೆ ಐದಾರಕ್ಕೆ ಇಳಿದರು. ಹೋಗುವವರು ಪುರಾನಾ ಕಿಲಾ ಮತ್ತು ಹುಮಾಯೂನ್ ಸಮಾಧಿಯ ಆವರಣದಲ್ಲಿ ತಿಂಗಳುಗಟ್ಟಲೆ ಕಾದರು. ಅವರು ಹೋದ ಮೇಲೆ ಬಂದವರೂ ಅದೇ ಕೋಟೆಯಲ್ಲಿ ಟೆಂಟು ಹಾಕಿದರು.

ಧರ್ಮದ ಪ್ರಕಾರ ಭಾಗ ಮಾಡಿಕೊಂಡ ಮೇಲೆ ಜಗಳ ಮುಗಿಯಬೇಕಿತ್ತಲ್ವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡ ಹಾಗೆ ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ಮನೆ ಪಾಲಾಗುವಾಗ ಯಾರು ಅಣ್ಣ, ಯಾರು ತಮ್ಮ ಅನ್ನೋದರಲ್ಲಿ ಗೊಂದಲ ಇರುವುದಿಲ್ಲ. ಇಲ್ಲಿ ಅದೇ ಗೊಂದಲ.

ಮೊದಲ ವಿಷಯ: ಗೆರೆ ಎಲ್ಲಿ ಎಳೆದರೂ ಎರಡೂ ಕಡೆ ಕೋಟ್ಯಂತರ ಜನ "ತಪ್ಪು ಕಡೆ" ಉಳಿದರು. ಮೊದಲು ಅವರು ಊರಿನವರು. ಗೆರೆ ಬಿದ್ದ ಮೇಲೆ ಅಲ್ಪಸಂಖ್ಯಾತರು. ಹೋಗುವುದಿಲ್ಲ ಎಂದು ಕೂತವರೂ ತಾವು ಯಾಕೆ ಹೋಗಲಿಲ್ಲ ಎಂಬುದಕ್ಕೆ ಉತ್ತರ ಕೊಡಬೇಕಾಯಿತು. ಭಾರತದ ಮುಸ್ಲಿಮನಿಗೆ "ಪಾಕಿಸ್ತಾನಕ್ಕೆ ಹೋಗು" ಎಂಬ ಮಾತು, ಪಾಕಿಸ್ತಾನದ ಹಿಂದೂವಿಗೆ "ನೀನು ಭಾರತದ ಏಜೆಂಟಾ" ಎಂಬ ಅನುಮಾನ, ಎರಡೂ ಹುಟ್ಟಿದ್ದು ಆ ಗೆರೆಯ ಹೊಟ್ಟೆಯಿಂದ. ಈಗ ಬೈಯುವವನೂ ಬೈಸಿಕೊಳ್ಳುವವನೂ 1947ರ ಎಷ್ಟೋ ವರ್ಷ ನಂತರ ಹುಟ್ಟಿದವರು.

ಎರಡನೆಯದು: ಧರ್ಮವೇ ಗುರುತು ಅಂತಾದ ಮೇಲೆ, ನಿಜವಾದ ಧರ್ಮದವನು ಯಾರು ಎಂಬ ಪ್ರಶ್ನೆ ಒಳಗೇ ಶುರುವಾಗುತ್ತದೆ. ಪಾಕಿಸ್ತಾನದ ಮೊದಲ ವಿದೇಶಾಂಗ ಸಚಿವ ಜಫರುಲ್ಲಾ ಖಾನ್, ತಮ್ಮನ್ನು ಮುಸ್ಲಿಮರೆಂದೇ ಕರೆದುಕೊಳ್ಳುವ ಅಹ್ಮದಿ ಪಂಥದವರು. ಆ ದೇಶ ಕಟ್ಟಲು ವಾದಿಸಿದವರು. 1974ರಲ್ಲಿ ಸಂವಿಧಾನ ತಿದ್ದಿ ಅಹ್ಮದಿಗಳು ಮುಸ್ಲಿಮರಲ್ಲ ಎಂದು ಬರೆದರು. ಭೌತಶಾಸ್ತ್ರಕ್ಕೆ 1979ರಲ್ಲಿ ನೊಬೆಲ್ ಪಡೆದ ಅಬ್ದುಸ್ ಸಲಾಂ ಕೂಡ ಅಹ್ಮದಿ. ಅವರ ಸಮಾಧಿ ಕಲ್ಲಿನ ಮೇಲೆ "ಮೊದಲ ಮುಸ್ಲಿಂ ನೊಬೆಲ್ ಪುರಸ್ಕೃತ" ಎಂದು ಕೆತ್ತಿದ್ದರು. ಅದರಲ್ಲಿ "ಮುಸ್ಲಿಂ" ಎಂಬ ಪದವನ್ನು ಅಳಿಸಿಹಾಕಿದರು. ಉಳಿದ ವಾಕ್ಯ ಓದಿದರೆ ಅರ್ಥವೇ ಆಗುವುದಿಲ್ಲ, ಯಾಕೆಂದರೆ ಅವರು ಪ್ರಪಂಚದ ಮೊದಲ ನೊಬೆಲ್ ಪುರಸ್ಕೃತರಂತೂ ಅಲ್ಲ.

ಮೂರನೆಯದು ಎಲ್ಲರಿಗೂ ಗೊತ್ತಿರುವುದೇ. ಒಂದೇ ಧರ್ಮದ ಪೂರ್ವ, ಪಶ್ಚಿಮ ಪಾಕಿಸ್ತಾನಗಳು ಭಾಷೆಯ ಮೇಲೆ ಜಗಳವಾಡಿದವು. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿಗಾಗಿ ವಿದ್ಯಾರ್ಥಿಗಳು ಗುಂಡೇಟಿಗೆ ಬಿದ್ದರು. 1971ರಲ್ಲಿ ದೇಶವೇ ಎರಡಾಯಿತು. ಇದರ ನಡುವೆ ನಜ್ಜುಗುಜ್ಜಾದವರು ಬಿಹಾರದಿಂದ ಪೂರ್ವ ಪಾಕಿಸ್ತಾನಕ್ಕೆ ಹೋಗಿದ್ದ ಉರ್ದು ಮಾತಿನ ಮುಸ್ಲಿಮರು. 1947ರಲ್ಲಿ ಧರ್ಮಕ್ಕಾಗಿ ಹೋದರು, 1971ರಲ್ಲಿ ಭಾಷೆಗಾಗಿ ಪರಕೀಯರಾದರು. ಅವರು ಢಾಕಾದ ಜಿನೀವಾ ಕ್ಯಾಂಪಿನಂಥ ಕಡೆ ಉಳಿದುಕೊಂಡರು. ಬಾಂಗ್ಲಾದೇಶದ ಪೌರರು ಎಂದು ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 2008ರಲ್ಲಿ. ಅಲ್ಲಿಯವರೆಗೆ ಎರಡು ತಲೆಮಾರು ಅದೇ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದಿತ್ತು.

ಜನರನ್ನು ಪೂರ್ತಿ ಅದಲುಬದಲು ಮಾಡಿದ್ದರೆ ಸರಿಹೋಗುತ್ತಿತ್ತು ಅನ್ನುತ್ತಾರಲ್ಲ?

ಮಾಡಿ ನೋಡಿದವರಿದ್ದಾರೆ. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಒಪ್ಪಂದ ಮಾಡಿಕೊಂಡು ಧರ್ಮದ ಆಧಾರದಲ್ಲಿ ಜನರನ್ನು ಬದಲಾಯಿಸಿಕೊಂಡವು. ಟರ್ಕಿಶ್ ಬಿಟ್ಟು ಬೇರೆ ಮಾತು ಬಾರದ ಕ್ರೈಸ್ತರನ್ನು "ನೀವು ಗ್ರೀಕರು" ಎಂದು ಗ್ರೀಸಿಗೆ ಕಳಿಸಿದರು. ಗ್ರೀಕ್ ಮಾತಾಡುತ್ತಿದ್ದ ಕ್ರೀಟ್ ದ್ವೀಪದ ಮುಸ್ಲಿಮರನ್ನು "ನೀವು ಟರ್ಕರು" ಎಂದು ಟರ್ಕಿಗೆ ಹಾಕಿದರು. ಹೋದ ಕಡೆ ಇಬ್ಬರನ್ನೂ ಹೊರಗಿನವರು ಎಂದೇ ನೋಡಿದರು. ಆಮೇಲೂ ಎರಡು ದೇಶಗಳ ಮುನಿಸು ಹೋಗಲಿಲ್ಲ, ಸೈಪ್ರಸ್ ವಿಷಯದಲ್ಲಿ 1974ರಲ್ಲಿ ಮತ್ತೆ ಸ್ಫೋಟಿಸಿತು.

ಹೆಣ್ಣುಮಕ್ಕಳಿಗೆ ಏನಾಯಿತು? ಈ ವಿಷಯ ಯಾರೂ ಬಿಡಿಸಿ ಹೇಳುವುದಿಲ್ಲ.

ಹೇಳುವುದು ಕಷ್ಟ, ಅದಕ್ಕೆ. ಎರಡೂ ಕಡೆ ಸೇರಿ ಸುಮಾರು 75,000 ಹೆಂಗಸರ ಅಪಹರಣ ಆಯಿತು ಎಂಬ ಅಂದಾಜಿದೆ. ರಾವಲ್ಪಿಂಡಿ ಜಿಲ್ಲೆಯ ಥೋಹಾ ಖಾಲ್ಸಾ ಎಂಬ ಹಳ್ಳಿಯಲ್ಲಿ 1947ರ ಮಾರ್ಚಿನಲ್ಲಿ ಸುಮಾರು 90 ಸಿಖ್ ಹೆಂಗಸರು ಬಾವಿಗೆ ಹಾರಿದರು. ಕೆಲವು ಕಡೆ "ಮಾನ ಉಳಿಸಲು" ತಂದೆಯೇ ಮಗಳನ್ನು, ಅಣ್ಣನೇ ತಂಗಿಯನ್ನು ಕೊಂದ. ಅವರನ್ನು ಹುತಾತ್ಮರು ಎಂದು ಕರೆಯುವುದು ರೂಢಿ. ಅವರನ್ನು ಯಾರಾದರೂ ಕೇಳಿದ್ದರೇ ಎಂಬುದು ನನ್ನ ಅನುಮಾನ.

ಆಮೇಲಿನ ಕಥೆ ಇನ್ನೂ ತೊಡಕಿನದು. ಅಪಹರಣವಾದವರನ್ನು ಹುಡುಕಿ ವಾಪಸ್ ಕಳಿಸಬೇಕು ಎಂದು ಎರಡೂ ಸರ್ಕಾರಗಳು 1947ರ ಡಿಸೆಂಬರಿನಲ್ಲಿ ಒಪ್ಪಿದವು. ಭಾರತದಲ್ಲಿ ಮೃದುಲಾ ಸಾರಾಭಾಯ್ ಈ ಕೆಲಸದ ಮುಂದಾಳು. 1949ರಲ್ಲಿ ಕಾನೂನೂ ಬಂತು. ಅದರ ಪ್ರಕಾರ 1947ರ ಮಾರ್ಚ್ 1ಕ್ಕೆ ಮೊದಲು ಮುಸ್ಲಿಮಳಾಗಿದ್ದ ಹೆಂಗಸು, ಆ ದಿನದ ನಂತರ ತನ್ನ ಕುಟುಂಬದಿಂದ ಬೇರ್ಪಟ್ಟು, ಬೇರೆ ವ್ಯಕ್ತಿ ಅಥವಾ ಬೇರೆ ಕುಟುಂಬದ ಜೊತೆ ಇರುವುದು ಕಂಡುಬಂದರೆ ಆಕೆ "ಅಪಹೃತಳು". ಪೊಲೀಸರು ವಾರಂಟ್ ಇಲ್ಲದೆ ಕರೆದೊಯ್ಯಬಹುದು. ಆಕೆಯ ಒಪ್ಪಿಗೆ ಬೇಕಿಲ್ಲ. ಕೆಲವೇ ವರ್ಷಗಳಲ್ಲಿ ಎರಡೂ ಕಡೆ ಸೇರಿ ಸುಮಾರು 30,000 ಹೆಂಗಸರನ್ನು ಹೀಗೆ "ಪತ್ತೆ" ಮಾಡಿದರು.

ಬಹಳ ಜನಕ್ಕೆ ಅದು ಬಿಡುಗಡೆಯೇ. ಅದರಲ್ಲಿ ಅನುಮಾನ ಬೇಡ. ಆದರೆ ಅಷ್ಟರಲ್ಲಿ ಕೆಲವರು ಮದುವೆಯಾಗಿದ್ದರು, ಮಕ್ಕಳಾಗಿದ್ದವು. ಹೋಗಲ್ಲ ಎಂದು ಅತ್ತವರಿದ್ದರು. ಒಮ್ಮೆ ಅವಳನ್ನು ಎತ್ತಿಕೊಂಡು ಹೋದವನು ಕೇಳಿರಲಿಲ್ಲ, ಈಗ ಸರ್ಕಾರವೂ ಕೇಳಲಿಲ್ಲ. ವಾಪಸ್ ಬಂದವರನ್ನು ಮನೆಯವರು ಸೇರಿಸಿಕೊಳ್ಳದಿದ್ದಾಗ, ಸೇರಿಸಿಕೊಳ್ಳಿ ಎಂದು ಗಾಂಧಿ, ನೆಹರು ಇಬ್ಬರೂ ಬಹಿರಂಗವಾಗಿ ಬೇಡಿಕೊಳ್ಳಬೇಕಾಯಿತು. ಜಲಂಧರ್‌ನಂಥ ಕಡೆ ಆಶ್ರಮಗಳಲ್ಲೇ ಕೆಲವರ ಆಯಸ್ಸು ಮುಗಿಯಿತು.

ಇಂದಿಗೂ ನಮ್ಮಲ್ಲಿ ಅಂತರಧರ್ಮೀಯ ಮದುವೆ ಎಂದರೆ ಹುಡುಗಿಯ ಮಾತಿಗಿಂತ ಅವಳು "ಯಾರ ಕಡೆಯವಳು" ಎಂಬುದೇ ದೊಡ್ಡದಾಗುತ್ತದೆ. ಇದೆಲ್ಲ 1947ರಲ್ಲೇ ಶುರುವಾಯಿತು ಎಂದು ನಾನು ಹೇಳುವುದಿಲ್ಲ. ಆದರೆ ಸರ್ಕಾರವೇ ಮುಂದೆ ನಿಂತು ಹೆಣ್ಣನ್ನು ಧರ್ಮದ ಲೆಕ್ಕದಲ್ಲಿ ಜಮೆ, ಖರ್ಚು ಬರೆದದ್ದು ಆಗಲೇ.

ಬಿಟ್ಟು ಬಂದ ಮನೆ, ಜಮೀನಿಗೆ ಪರಿಹಾರ ಸಿಕ್ಕಿತಾ?

ಪಂಜಾಬಿನಲ್ಲಿ ಸ್ವಲ್ಪ ಮಟ್ಟಿಗೆ ಸಿಕ್ಕಿತು. ಹಿಂದೂಗಳು, ಸಿಖ್ಖರು ಪಶ್ಚಿಮ ಪಂಜಾಬಿನಲ್ಲಿ ಬಿಟ್ಟು ಬಂದದ್ದು ಸುಮಾರು 67 ಲಕ್ಷ ಎಕರೆ. ಪೂರ್ವ ಪಂಜಾಬಿನಿಂದ ಹೋದ ಮುಸ್ಲಿಮರು ಬಿಟ್ಟದ್ದು ಸುಮಾರು 47 ಲಕ್ಷ ಎಕರೆ. ಅದೂ ನೀರಾವರಿ ಕಡಿಮೆ ಇದ್ದ ಜಮೀನು. ಎಲ್ಲರಿಗೂ ಕಡಿತ ಮಾಡಲೇಬೇಕಿತ್ತು. ತರ್ಲೋಕ್ ಸಿಂಗ್ ಎಂಬ ಐಸಿಎಸ್ ಅಧಿಕಾರಿ ಒಂದು ದಾರಿ ಕಂಡುಹಿಡಿದರು. ಮಣ್ಣಿನ ಗುಣ ನೋಡಿ ಜಮೀನನ್ನು ಒಂದೇ ಅಳತೆಗೆ ತರುವುದು, ಆಮೇಲೆ ಸಣ್ಣವರಿಗೆ ಕಡಿಮೆ ಕಡಿತ, ದೊಡ್ಡವರಿಗೆ ಜಾಸ್ತಿ. ಮೊದಲ ಹತ್ತು ಎಕರೆಗೆ ನೂರಕ್ಕೆ 25 ಕಡಿತ. ಐನೂರು ಎಕರೆ ಮೀರಿದ ಭಾಗಕ್ಕೆ ನೂರಕ್ಕೆ 95.

ನನಗೆ ಇಷ್ಟವಾದದ್ದು ಪುರಾವೆ ನೋಡಿದ ರೀತಿ. ದಾಖಲೆಗಳೆಲ್ಲ ಆ ಕಡೆ. ಹಾಗಾಗಿ ಒಂದೇ ಊರಿಂದ ಬಂದವರನ್ನು ಒಟ್ಟಿಗೆ ಕೂರಿಸಿ, ಒಬ್ಬೊಬ್ಬರ ಅರ್ಜಿಯನ್ನೂ ಗಟ್ಟಿಯಾಗಿ ಓದುತ್ತಿದ್ದರು. "ಇವನಿಗೆ ಇಷ್ಟು ಎಕರೆ ಇತ್ತಂತೆ, ಹೌದಾ?" ಊರವರ ಎದುರು ಸುಳ್ಳು ಹೇಳೋದು ಸುಲಭವಲ್ಲ. ಆದರೂ ಹೇಳಿದವರಿದ್ದರು, ಸಿಕ್ಕಿಬಿದ್ದರೆ ಜಮೀನು ಇನ್ನಷ್ಟು ಕಟ್. ಊರೇ ಇಲ್ಲ, ಊರಿನ ಪಂಚಾಯಿತಿ ಮಾತ್ರ ಬಯಲಲ್ಲಿ ಕೂತಿದೆ. ಆ ದೃಶ್ಯ ಕಣ್ಣಿಗೆ ಕಟ್ಟುತ್ತದೆ.

ಇನ್ನೊಂದು ಮುಖವೂ ಇದೆ. ಇಲ್ಲೇ ಉಳಿದ ಮುಸ್ಲಿಮರ ಮನೆಗಳೂ "ನಿರ್ಗಮಿತರ ಆಸ್ತಿ" ಎಂದು ಸರ್ಕಾರದ ಕೈಗೆ ಹೋದದ್ದುಂಟು. ತಮ್ಮ ಪಾಕಿಸ್ತಾನಕ್ಕೆ ಹೋದ, ಅಣ್ಣ ಹೋಗಲಿಲ್ಲ, ಮನೆ ಮಾತ್ರ ಕಸ್ಟೋಡಿಯನ್ (ಇಂಥ ಆಸ್ತಿ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ) ಹತ್ತಿರ. 1965ರ ಯುದ್ಧದ ನಂತರ, 1968ರಲ್ಲಿ, ಪಾಕಿಸ್ತಾನಕ್ಕೆ ಹೋದವರ ಆಸ್ತಿಯನ್ನು ಸರ್ಕಾರದ ವಶದಲ್ಲೇ ಇಡುವ ಶತ್ರು ಆಸ್ತಿ ಕಾಯ್ದೆ ಬಂತು. ಅದರ ಕೇಸುಗಳು ಇವತ್ತಿಗೂ ನಡೆಯುತ್ತಿವೆ.

ಬಂಗಾಳದ ಕಥೆ ಯಾಕೆ ಅಷ್ಟು ಕೇಳಿಸುವುದಿಲ್ಲ?

ಪಂಜಾಬಿನದು ಒಂದೇ ಏಟಿಗೆ ಆದ ಗಾಯ. ಬಂಗಾಳದ್ದು ದಿನಾ ಒಸರುವ ಹುಣ್ಣು. ಅಲ್ಲಿ ಜನ ಒಂದೇ ಸಲ ಬರಲಿಲ್ಲ. 1947ರಲ್ಲಿ, 1950ರ ಗಲಭೆ ಆದ ಮೇಲೆ, 1964ರಲ್ಲಿ, 1971ರಲ್ಲಿ ಅಲೆ ಅಲೆಯಾಗಿ ಬಂದರು. ಮೊದಲು ಬಂದವರು ಓದಿದ, ಮೇಲ್ಜಾತಿಯ ಜನ. ಕೋಲ್ಕತ್ತದಲ್ಲಿ ನೆಂಟರಿದ್ದರು, ಕೆಲಸ ಹಿಡಿದರು, ಖಾಲಿ ಜಾಗದಲ್ಲಿ ರಾತ್ರೋರಾತ್ರಿ ಗುಡಿಸಲು ಎಬ್ಬಿಸಿ ಕಾಲೊನಿ ಮಾಡಿಕೊಂಡರು. ನಂತರ ಬಂದ ಬಡವರು, ಅದರಲ್ಲೂ ದಲಿತ ಸಮುದಾಯದ ನಾಮಶೂದ್ರರು, ಸಿಯಾಲ್ದಾ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಸಂಸಾರ ಮಾಡಿದರು.

ಆಸ್ತಿ ಪರಿಹಾರಕ್ಕೆಂದು 1954ರಲ್ಲಿ ಬಂದ ಕಾನೂನು ಪಶ್ಚಿಮ ಪಾಕಿಸ್ತಾನದಿಂದ ಬಂದವರಿಗೆ ಮಾತ್ರ. ಪೂರ್ವದವರು ಇವತ್ತಲ್ಲ ನಾಳೆ ವಾಪಸ್ ಹೋಗುತ್ತಾರೆ ಎಂಬ ನಂಬಿಕೆ ದೆಹಲಿಗೆ. 1958ರಲ್ಲಿ ದಂಡಕಾರಣ್ಯ ಯೋಜನೆ ಮಾಡಿ ಒಡಿಶಾ, ಈಗಿನ ಛತ್ತೀಸಗಢದ ಕಾಡುಗಳಿಗೆ ಕಳಿಸಿದರು. ನದಿ, ಗದ್ದೆ, ಮೀನು ಬಿಟ್ಟರೆ ಬೇರೆ ಗೊತ್ತಿಲ್ಲದ ಜನ ಕಲ್ಲುನೆಲಕ್ಕೆ ಬಂದರು. ಅಲ್ಲಿಂದ ಸಾವಿರಾರು ಮಂದಿ ಸುಂದರಬನದ ಮರೀಚ್‌ಝಾಂಪಿ ದ್ವೀಪಕ್ಕೆ ವಾಪಸ್ ಬಂದಾಗ, 1979ರಲ್ಲಿ ಅವರನ್ನು ಪೊಲೀಸ್ ಬಲದಿಂದ ಹೊರಹಾಕಿದರು. ಎಷ್ಟು ಜನ ಸತ್ತರು ಎಂಬ ಬಗ್ಗೆ ಇವತ್ತಿಗೂ ವಾದ ಇದೆ.

ದಲಿತರನ್ನು ಯಾವ ಕಡೆ ಎಣಿಸಿದರು?

ಬೇಕಾದಾಗ ಬೇಕಾದ ಕಡೆ. ಕರಾಚಿಯಲ್ಲಿ ಪೌರಕಾರ್ಮಿಕರು ಭಾರತಕ್ಕೆ ಹೊರಟಾಗ, ಅವರ ಕೆಲಸ "ಅಗತ್ಯ ಸೇವೆ" ಎಂದು ತಡೆದರು. ಉಳಿದ ಹಿಂದೂಗಳು ಹೋಗಬಹುದು, ಚರಂಡಿ ಬಳಿಯುವವರು ಹೋಗುವ ಹಾಗಿಲ್ಲ. ಅಂಬೇಡ್ಕರ್ 1947ರ ಡಿಸೆಂಬರಿನಲ್ಲೇ ಈ ಬಗ್ಗೆ ನೆಹರು ಅವರಿಗೆ ಪತ್ರ ಬರೆದರು.

ಜೋಗೇಂದ್ರನಾಥ್ ಮಂಡಲ್ ಅವರದು ಇನ್ನೊಂದು ತರಹದ ನೋವು. ದಲಿತರು ಮತ್ತು ಬಡ ಮುಸ್ಲಿಂ ರೈತರ ಕಷ್ಟ ಒಂದೇ ಎಂದು ನಂಬಿ ಪಾಕಿಸ್ತಾನಕ್ಕೆ ಬೆಂಬಲ ಕೊಟ್ಟವರು, ಅಲ್ಲಿನ ಮೊದಲ ಕಾನೂನು ಸಚಿವರಾದವರು. 1950ರಲ್ಲಿ ರಾಜೀನಾಮೆ ಕೊಟ್ಟು ಭಾರತಕ್ಕೆ ಬಂದರು. ಇಲ್ಲಿ ರಾಜಕೀಯವಾಗಿ ಅವರನ್ನು ಯಾರೂ ಹತ್ತಿರ ಸೇರಿಸಲಿಲ್ಲ.

ಸರ್ಕಾರದ ಆಸ್ತಿಯನ್ನೂ ಹಂಚಿದರಂತೆ, ನಿಜವಾ?

ನಿಜ. ಖಜಾನೆ ಭಾರತಕ್ಕೆ ನೂರಕ್ಕೆ 82.5, ಪಾಕಿಸ್ತಾನಕ್ಕೆ 17.5ರಂತೆ, ಕಚೇರಿಯ ಮೇಜು, ಕುರ್ಚಿ, ಟೈಪ್‌ರೈಟರ್ 80ಕ್ಕೆ 20ರಂತೆ. ಮೊಹೆಂಜೊದಾರೊದ ಒಂದು ಮಣಿಹಾರವನ್ನು ಬಿಚ್ಚಿ ಮಣಿಗಳನ್ನು ಪಾಲು ಮಾಡಿದರು. ನಾಲ್ಕು ಸಾವಿರ ವರ್ಷ ಮಣ್ಣಲ್ಲಿ ಒಟ್ಟಿಗಿದ್ದ ಸರ! 1950ರಲ್ಲಿ ಮಾನಸಿಕ ಆಸ್ಪತ್ರೆಯ ರೋಗಿಗಳನ್ನೂ ಧರ್ಮ ನೋಡಿ ಲಾಹೋರ್ ಮತ್ತು ಅಮೃತಸರದ ನಡುವೆ ಬದಲಾಯಿಸಿಕೊಂಡರು.

ಭಾಷೆಗೆ ಏನಾಯಿತು?

ಈಗ ಲಾಜಪತ್ ನಗರದ ಕಥೆ. ಆ ಬಡಾವಣೆ ಹುಟ್ಟಿದ್ದೇ ನಿರಾಶ್ರಿತರಿಗಾಗಿ. ಚಿಕ್ಕ ಚಿಕ್ಕ ಸೈಟು, ಗೋಡೆಗೆ ಗೋಡೆ. ಅಲ್ಲಿ ಹಳಬರು ಭೇಟಿಯಾದರೆ ಮೊದಲು ಕೇಳುವುದು "ಪಿಚ್ಛೋಂ ಕಿತ್ಥೋಂ?" ಅಂತ. ಹಿಂದಿನಿಂದ ಎಲ್ಲಿಯವರು? ನಾನು ಹಾಸನ ಎಂದರೆ ಆ ಪ್ರಶ್ನೆಗೆ ಅದು ಉತ್ತರವೇ ಅಲ್ಲ.

ನಮ್ಮ ಮನೆ ಮಾಲೀಕರ ತಾಯಿಯನ್ನು ಎಲ್ಲರೂ ಬೀಜಿ ಅನ್ನುತ್ತಿದ್ದರು. ರಾವಲ್ಪಿಂಡಿ ಕಡೆಯವರು. ಅವರ ಯಜಮಾನರು ತೀರಿಕೊಂಡು ವರ್ಷಗಳಾಗಿದ್ದವು. ಟ್ರಂಕಿನಲ್ಲಿ ಅವರ ಒಂದು ನೋಟ್‌ಬುಕ್ ಇತ್ತು, ಬಟ್ಟೆ ಸುತ್ತಿ ಇಟ್ಟಿದ್ದರು. ಇಡೀ ಪುಸ್ತಕ ಉರ್ದುವಿನಲ್ಲಿ. ಆ ಕಾಲದ ಪಂಜಾಬಿನಲ್ಲಿ ಓದಿದ ಗಂಡಸರೆಲ್ಲ, ಯಾವ ಧರ್ಮದವರಾಗಲಿ, ಕಲಿತದ್ದು ಉರ್ದುವನ್ನೇ. ಬೀಜಿಗೆ ಓದು ಬರದು. ಮಗನಿಗೆ ಹಿಂದಿ ಗೊತ್ತು, ಮೊಮ್ಮಗನಿಗೆ ಇಂಗ್ಲಿಷ್ ಚೆನ್ನಾಗಿ ಗೊತ್ತು. ಮನೆಯ ಹಿರಿಯನ ಕೈಬರಹ ಓದಲು ಮನೆಯಲ್ಲಿ ಒಬ್ಬರೂ ಇಲ್ಲ.

ಒಂದು ಭಾನುವಾರ ಮೊಮ್ಮಗನೂ ನಾನೂ ಅದನ್ನು ಜಾಮಾ ಮಸೀದಿ ಎದುರಿನ ಉರ್ದು ಬಜಾರಿಗೆ ಒಯ್ದೆವು. ಪುಸ್ತಕದಂಗಡಿಯ ಹಿರಿಯರೊಬ್ಬರು ಕನ್ನಡಕ ಏರಿಸಿ ಪುಟ ತಿರುವಿದರು. ನಾವು ಏನೋ ದೊಡ್ಡ ಕಥೆ ಇರುತ್ತದೆ ಎಂದು ಕಾದಿದ್ದೆವು. ಹಾಲಿನ ಲೆಕ್ಕ. ಇದ್ದಿಲಿನ ಲೆಕ್ಕ. ಕೊನೆಯ ಪುಟದಲ್ಲಿ ಒಬ್ಬ ದರ್ಜಿಗೆ ಹನ್ನೊಂದು ರೂಪಾಯಿ ಬಾಕಿ. ಅವರು ದುಡ್ಡು ತೆಗೆದುಕೊಳ್ಳಲಿಲ್ಲ. "ಒಳ್ಳೆ ಅಕ್ಷರ" ಎಂದಷ್ಟೇ ಹೇಳಿದರು.

ಇದು ಒಂದು ಮನೆಯ ವಿಷಯ ಅಲ್ಲ. ಬಜಾರಿನಲ್ಲಿ ಎಲ್ಲರೂ ಆಡುತ್ತಿದ್ದ ಹಿಂದುಸ್ತಾನಿಯನ್ನು ಎಳೆದು ಒಂದು ಕಡೆ ಸಂಸ್ಕೃತ ತುಂಬಿದರು, ಇನ್ನೊಂದು ಕಡೆ ಪಾರಸಿ, ಅರಬಿ. ಉರ್ದು ಮುಸ್ಲಿಮರದು, ಹಿಂದಿ ಹಿಂದೂಗಳದು ಎಂಬ ಭಾವನೆ ಗಟ್ಟಿಯಾಯಿತು. ಪಂಜಾಬಿಯನ್ನು ಭಾರತದಲ್ಲಿ ಗುರುಮುಖಿ ಲಿಪಿಯಲ್ಲಿ, ಪಾಕಿಸ್ತಾನದಲ್ಲಿ ಉರ್ದುವಿನಂಥ ಶಾಹಮುಖಿ ಲಿಪಿಯಲ್ಲಿ ಬರೆಯುತ್ತಾರೆ. ಫೋನಿನಲ್ಲಿ ಮಾತಾಡಿದರೆ ಒಬ್ಬರಿಗೊಬ್ಬರು ಅರ್ಥ, ಪತ್ರ ಬರೆದರೆ ಇಲ್ಲ. ಸಿಂಧಿಗಳಿಗೆ ಇಲ್ಲಿ ಒಂದು ರಾಜ್ಯವೂ ಇಲ್ಲ. 1967ರಲ್ಲಿ ಸಿಂಧಿಯನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸಿದರು, ಆದರೆ ಬೀದಿಯಲ್ಲಿ ಕೇಳಿಸದ ಭಾಷೆಯನ್ನು ಮಕ್ಕಳು ಎಷ್ಟು ದಿನ ಹಿಡಿದುಕೊಂಡಾರು?

ಎರಡೂ ಕಡೆ ನೆಂಟರಿದ್ದವರು ಏನು ಮಾಡಿದರು?

ಶುರುವಿನಲ್ಲಿ ಪಾಸ್‌ಪೋರ್ಟ್ ಇರಲಿಲ್ಲ. ಎಷ್ಟೋ ಜನ ಗಲಾಟೆ ತಣ್ಣಗಾದ ಮೇಲೆ ವಾಪಸ್ ಬಂದರಾಯಿತು ಎಂದೇ ಹೋದದ್ದು. 1948ರ ಜುಲೈನಲ್ಲಿ ಪರ್ಮಿಟ್ ಬಂತು, 1952ರಲ್ಲಿ ಪಾಸ್‌ಪೋರ್ಟ್ ಬಂತು. ಭಾರತದ ಸಂವಿಧಾನದ 6 ಮತ್ತು 7ನೇ ವಿಧಿಗಳನ್ನು ಓದಿ ನೋಡಿ. ಯಾವ ತಾರೀಕಿಗೆ ಹೋದಿರಿ, ಯಾವ ತಾರೀಕಿಗೆ ಬಂದಿರಿ ಎಂಬುದರ ಮೇಲೆ ಪೌರತ್ವ ನಿಂತಿದೆ. ಅಕ್ಕನ ಬಾಣಂತನಕ್ಕೆ ಹೋಗಿ ನಾಲ್ಕು ತಿಂಗಳು ತಡಮಾಡಿದವರು ವಿದೇಶಿಯರಾಗಬಹುದಿತ್ತು.

ಆಮೇಲೂ ವೀಸಾ ಸಿಕ್ಕರೆ ಅದು ದೇಶಕ್ಕಲ್ಲ, ಹೆಸರಿಸಿದ ಊರುಗಳಿಗೆ ಮಾತ್ರ ಇರುತ್ತಿತ್ತು. ಎರಡು ದೇಶಗಳ ನಡುವೆ ಓಡುತ್ತಿದ್ದ ಸಂಝೋತಾ ಎಕ್ಸ್‌ಪ್ರೆಸ್, ಥಾರ್ ಎಕ್ಸ್‌ಪ್ರೆಸ್ ರೈಲುಗಳೆರಡೂ 2019ರ ಆಗಸ್ಟಿನಲ್ಲಿ ನಿಂತವು. ಸಾವಿನ ಸುದ್ದಿ ವಾಟ್ಸ್‌ಆ್ಯಪಿನಲ್ಲಿ ಬರುತ್ತದೆ, ಮಣ್ಣಿಗೆ ಹೋಗಲು ಆಗುವುದಿಲ್ಲ.

ಕರ್ನಾಟಕಕ್ಕೂ ಇದಕ್ಕೂ ಏನು ಸಂಬಂಧ? ನಾವು ದೂರದವರಲ್ವಾ?

ಅಷ್ಟು ದೂರ ಇಲ್ಲ. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ಹೈದರಾಬಾದಿನಲ್ಲಿದ್ದವು. ನಿಜಾಮರು ಎರಡೂ ದೇಶಕ್ಕೆ ಸೇರದೆ ಕೂತರು. ನಿಜಾಮರ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಹಾವಳಿ ನಮ್ಮ ಹಳ್ಳಿಗಳಲ್ಲೂ ಆಯಿತು, ಅದರ ನೆನಪು ಇನ್ನೂ ಇದೆ. 1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಶರಣಾಯಿತು. ಅದರ ನಂತರ ಮುಸ್ಲಿಮರ ಮೇಲೆ ನಡೆದ ಸೇಡಿನ ಹತ್ಯೆಗಳ ನೆನಪು ಮಾತ್ರ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ನೆಹರು ಕಳಿಸಿದ ಸುಂದರಲಾಲ್ ಸಮಿತಿ 27 ಸಾವಿರದಿಂದ 40 ಸಾವಿರ ಜನ ಸತ್ತರು ಎಂದು ಅಂದಾಜು ಮಾಡಿತು. ತೀರಾ ಹಾಳಾದ ಜಿಲ್ಲೆಗಳ ಪಟ್ಟಿಯಲ್ಲಿ ಗುಲ್ಬರ್ಗಾ, ಬೀದರ್ ಇವೆ. ವರದಿ ದಶಕಗಟ್ಟಲೆ ಬೀಗದೊಳಗೆ ಇತ್ತು. ಎರಡು ನೆನಪುಗಳಲ್ಲಿ ಒಂದನ್ನೇ ಹೇಳಿಕೊಂಡು ಬಂದರೆ ಅದು ಇತಿಹಾಸ ಅಲ್ಲ, ವಕಾಲತ್ತು.

ಇನ್ನೊಂದು ನಂಟು ಯಾರೂ ಯೋಚಿಸದ್ದು. ಕನ್ನಡನಾಡು ಒಂದಾಗಲು 1956ರ ನವೆಂಬರ್ 1ರವರೆಗೆ ಯಾಕೆ ಕಾಯಬೇಕಾಯಿತು? ಭಾಷಾವಾರು ಪ್ರಾಂತ್ಯ ಮಾಡುತ್ತೇವೆ ಎಂದು ಕಾಂಗ್ರೆಸ್ ಮೊದಲೇ ಮಾತು ಕೊಟ್ಟಿತ್ತು. ಧರ್ಮದ ಮೇಲೆ ಒಮ್ಮೆ ಒಡೆದ ದೇಶ, ಭಾಷೆಯ ಮೇಲೆ ಮತ್ತೆ ಒಡೆದರೆ ಎಂಬ ಹೆದರಿಕೆ ನೆಹರು ಅವರನ್ನು ಹಿಡಿಯಿತು. 1948ರ ಧರ್ ಆಯೋಗ ಬೇಡ ಎಂದಿತು. ನೆಹರು, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಅವರ ಸಮಿತಿ ಸದ್ಯಕ್ಕೆ ಬೇಡ ಎಂದಿತು. ಲಾಹೋರಿನ ಗಲಭೆಗೆ ಧಾರವಾಡದವರು ಎಂಟೊಂಬತ್ತು ವರ್ಷ ಕಾದರು ಎಂದರೆ ತೀರಾ ತಪ್ಪಾಗದು. ಆಮೇಲೆ ನೋಡಿದರೆ ಆ ಹೆದರಿಕೆ ಸುಳ್ಳಾಯಿತು. ಭಾಷೆಗೆ ಜಾಗ ಕೊಟ್ಟ ದೇಶ ಉಳಿಯಿತು, ಕೊಡದ ಪಾಕಿಸ್ತಾನ ಒಡೆಯಿತು.

ಮೂರನೆಯದನ್ನು ಕಣ್ಣಾರೆ ನೋಡಬಹುದು. ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಿಗೆ ಹೋಗಿ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳಿಗೆ ಸರ್ಕಾರ ಅಲ್ಲಿ ನೆಲೆ ಕೊಟ್ಟಿತು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ. ದುರ್ಗಾಪೂಜೆಯೂ ಆಗುತ್ತದೆ.

ಎಲ್ಲ ಕಡೆ ಗಲಭೆ ಆಯಿತಾ? ಒಳ್ಳೆಯದು ಏನೂ ನಡೆಯಲಿಲ್ಲವಾ?

ಪಂಜಾಬಿನ ಮಲೇರ್‌ಕೋಟ್ಲಾದಲ್ಲಿ ಗಲಭೆ ಆಗಲಿಲ್ಲ. ಗುರು ಗೋವಿಂದ ಸಿಂಗರ ಚಿಕ್ಕ ಮಕ್ಕಳನ್ನು ಕೊಲ್ಲಲು ಆಜ್ಞೆಯಾದಾಗ ಅಲ್ಲಿನ ನವಾಬ ವಿರೋಧಿಸಿದ್ದ. ಸುಮಾರು ಎರಡೂವರೆ ಶತಮಾನದ ಆ ಋಣವನ್ನು ಸಿಖ್ಖರು ಮರೆತಿರಲಿಲ್ಲ. ಸುತ್ತ ಎಲ್ಲ ಉರಿಯುವಾಗ ಆ ಊರಿನ ಮುಸ್ಲಿಮರನ್ನು ಮುಟ್ಟಲಿಲ್ಲ. ಇಂಥ ಕಥೆ ಕೇಳಿ ಸಮಾಧಾನ ಮಾಡಿಕೊಳ್ಳುವುದು ಸುಲಭ. ಇನ್ನುಳಿದ ಊರುಗಳಲ್ಲೂ ಋಣಗಳಿದ್ದವು, ಅಲ್ವಾ?

ಗುರುದ್ವಾರ, ದೇವಸ್ಥಾನ, ದರ್ಗಾ ನೋಡಲು ಹೋಗಬಹುದಾ?

ಗುರು ನಾನಕರು ಕೊನೆಯ ವರ್ಷಗಳನ್ನು ಕಳೆದ ಕರ್ತಾರ್‌ಪುರ ಗಡಿಯಿಂದ ನಾಲ್ಕೂವರೆ ಕಿಲೋಮೀಟರ್ ಆಚೆ ಇದೆ. ಜನ ದಶಕಗಳ ಕಾಲ ಡೇರಾ ಬಾಬಾ ನಾನಕ್‌ನಲ್ಲಿ ನಿಂತು ದುರ್ಬೀನಿನಲ್ಲಿ ಅದರ ಬಿಳಿ ಗುಮ್ಮಟ ನೋಡಿ ಕೈ ಮುಗಿಯುತ್ತಿದ್ದರು. 2019ರ ನವೆಂಬರ್ 9ಕ್ಕೆ ಕಾರಿಡಾರ್ ತೆರೆಯಿತು. ವೀಸಾ ಬೇಕಿರಲಿಲ್ಲ, 20 ಡಾಲರ್ ಶುಲ್ಕ ಇತ್ತು, ಸಂಜೆಗೆ ವಾಪಸ್ ಬರಬೇಕಿತ್ತು. 1947ರಲ್ಲಿ ಬೇರ್ಪಟ್ಟ ಒಡಹುಟ್ಟಿದವರು ಮುಪ್ಪಿನಲ್ಲಿ ಅಲ್ಲಿ ಭೇಟಿಯಾದದ್ದೂ ಇದೆ. 2025ರ ಮೇ ತಿಂಗಳಲ್ಲಿ ಎರಡು ದೇಶಗಳ ನಡುವೆ ಮತ್ತೆ ಬಿಗಡಾಯಿಸಿದಾಗ ಭಾರತ ಈ ದಾರಿ ಮುಚ್ಚಿತು.

ನಮ್ಮ ಪರಿಚಯದ ಹಿರಿಯರ ಹತ್ತಿರ ಈ ಕಥೆ ಕೇಳಿ ಬರೆದಿಡಬೇಕು. ಹೇಗೆ ಕೇಳುವುದು?

ಬೇಗ ಕೇಳಿ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಆಚೆ ಈಚೆ. "ಗಲಭೆಯಲ್ಲಿ ಏನಾಯಿತು" ಎಂದು ಶುರು ಮಾಡಬೇಡಿ. ಎಪ್ಪತ್ತು ವರ್ಷ ಹೇಳದ್ದನ್ನು ನಿಮ್ಮ ಮೊಬೈಲ್ ರೆಕಾರ್ಡರ್ ನೋಡಿ ಹೇಳಿಬಿಡುವುದಿಲ್ಲ. ಸಮಯ ಕೊಡಿ. ಅಡುಗೆ ಕೇಳಿ, ಶಾಲೆ ಕೇಳಿ, ಪಕ್ಕದ ಮನೆಯವರು ಯಾರು ಕೇಳಿ. ಅತ್ತರೆ ರೆಕಾರ್ಡರ್ ನಿಲ್ಲಿಸಿ.

ಬೀಜಿ ನನ್ನೆದುರು ಆ ಗಲಭೆಯ ಬಗ್ಗೆ ಒಂದು ಮಾತೂ ಆಡಿದವರಲ್ಲ. ಒಂದು ಮಧ್ಯಾಹ್ನ ಬಟಾಣಿ ಸುಲಿಯುತ್ತಾ ಕೂತಿದ್ದಾಗ, ಮನೆ ಹೇಗಿತ್ತು ಎಂದು ಸುಮ್ನೆ ಕೇಳಿದೆ. ಸಿಪ್ಪೆಗಳನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದರು. ಇಲ್ಲಿ ಬಾವಿ, ಇಲ್ಲಿ ಎಮ್ಮೆ ಕಟ್ಟುವ ಜಾಗ, ಇಲ್ಲಿಂದ ಮಹಡಿಗೆ ಮೆಟ್ಟಿಲು. ಮೆಟ್ಟಿಲು ಒಂಬತ್ತೋ ಹತ್ತೋ ಎಂಬಲ್ಲಿ ಬೆರಳು ನಿಂತಿತು. ಕಣ್ಣು ಮುಚ್ಚಿಕೊಂಡು ಕಾಲನ್ನು ಸ್ವಲ್ಪ ಸ್ವಲ್ಪ ಎತ್ತಿ ಎಣಿಸಿದರು. ಒಂಬತ್ತು ಎಂದರು. ಸಂಜೆ ಚಹಾ ಕೊಡಲು ಬಂದಾಗ, ಅಲ್ಲ, ಹತ್ತು ಎಂದರು.